ಟ್ರ್ಯಾಕ್ಟರ್ ಚಾರ್ಜರ್‌ಗೆ ಸರಿಯಾದ ರೆಸಿಸ್ಟರ್ ಆರಿಸುವುದು ಹೇಗೆ?

ಸಿಂಧನೂರು, ಮಾನ್ವಿ ಕಡೆ ನಾಟಿ ಶುರುವಾದರೆ ಬೆಳಗ್ಗೆ ಗದ್ದೆಗೆ ಇಳಿದ ಟ್ರ್ಯಾಕ್ಟರ್ ಕತ್ತಲಾದ ಮೇಲೇ ಮೇಲೆ ಬರುವುದು. ಅಷ್ಟರಲ್ಲಿ ಡ್ರೈವರ್ ಮೊಬೈಲ್ ಖಾಲಿಯಾಗಿರುತ್ತದೆ. ಅದಕ್ಕೇ ಎಲ್‌ಎಂ2596 ಚಿಪ್ ಇರುವ ಸಣ್ಣ ಬೋರ್ಡ್ ತಂದು ಬ್ಯಾಟರಿಯ 12 ವೋಲ್ಟನ್ನು 5ಕ್ಕೆ ಇಳಿಸಿಕೊಳ್ಳಬಹುದು. ಬೋರ್ಡ್ ಒಳ್ಳೆಯದೇ. ಆದರೆ ಅದರ ಮೇಲಿನ ನೀಲಿ ಪ್ರೀಸೆಟ್ (ಸ್ಕ್ರೂ ತಿರುಗಿಸಿ ಬದಲಿಸುವ ರೆಸಿಸ್ಟರ್) ಟ್ರ್ಯಾಕ್ಟರ್ ಕೆಲಸಕ್ಕೆ ಆಗುವಂಥದ್ದಲ್ಲ. ಅದನ್ನು ತೆಗೆದು ಲೆಕ್ಕ ಹಾಕಿದ ರೆಸಿಸ್ಟರ್ ಕೂರಿಸಿ.

ಯಾಕೆ ಅಂದರೆ, ಔಟ್‌ಪುಟ್ ಮತ್ತು ಗ್ರೌಂಡ್ (ಮೈನಸ್) ನಡುವೆ ಎರಡು ರೆಸಿಸ್ಟರ್ ಸಾಲಾಗಿ ಇರುತ್ತವೆ. ಅವು ಸೇರುವ ಜಾಗ ಚಿಪ್‌ನ ಫೀಡ್‌ಬ್ಯಾಕ್ ಪಿನ್ನಿಗೆ ಹೋಗುತ್ತದೆ. ಆ ಪಿನ್ನಿನಲ್ಲಿ ಸದಾ 1.23 ವೋಲ್ಟ್ ಇರುವ ಹಾಗೆ ಚಿಪ್ ಔಟ್‌ಪುಟ್ಟನ್ನು ಏರಿಸುತ್ತದೆ, ಇಳಿಸುತ್ತದೆ. ಪ್ರೀಸೆಟ್ ಇರುವುದು ಮೇಲಿನ, ಅಂದರೆ ಔಟ್‌ಪುಟ್ ಕಡೆಯ ರೆಸಿಸ್ಟರ್ ಜಾಗದಲ್ಲಿ. ಕೇಜ್ ವೀಲ್ ಹಾಕಿ ಕೆಸರು ಮಾಡುವಾಗಿನ ಅದುರಾಟಕ್ಕೆ ಅದರ ಒಳಗಿನ ಸಂಪರ್ಕ ಒಂದು ಕ್ಷಣ ಬಿಟ್ಟರೂ ಸಾಕು, ಪಿನ್ನಿನ ವೋಲ್ಟೇಜ್ ಬೀಳುತ್ತದೆ. ಔಟ್‌ಪುಟ್ ಕಡಿಮೆಯಾಯಿತು ಅಂತ ಚಿಪ್ ಪೂರ್ತಿ ಜೋರು ಮಾಡುತ್ತದೆ. ಬ್ಯಾಟರಿಯ ವೋಲ್ಟೇಜ್ ಹೆಚ್ಚುಕಡಿಮೆ ಹಾಗೇ ಮೊಬೈಲಿಗೆ ನುಗ್ಗುತ್ತದೆ.

ಲೆಕ್ಕ ಇಷ್ಟೇ:

ಔಟ್‌ಪುಟ್ = 1.23 × (1 + ಮೇಲಿನದು ÷ ಕೆಳಗಿನದು)

ಮೊದಲು ಕೆಳಗಿನದನ್ನು, ಅಂದರೆ ಗ್ರೌಂಡ್ ಕಡೆಯದನ್ನು ಆರಿಸಿ. ಈ ಚಿಪ್‌ಗೆ ಅದು 240 ಓಮ್‌ನಿಂದ 1.5 ಕಿಲೋಓಮ್ ಒಳಗಿರಬೇಕು. ತೀರಾ ದೊಡ್ಡದಾದರೆ ಪಕ್ಕದ ಕಾಯಿಲ್‌ನ ವಿದ್ಯುತ್ ಗದ್ದಲವೆಲ್ಲ ಪಿನ್ನಿಗೆ ಬರುತ್ತದೆ. 1 ಕಿಲೋಓಮ್ ಹಾಕಿದರೆ 5 ವೋಲ್ಟಿಗೆ ಮೇಲಿನದು 3,065 ಓಮ್ ಬೇಕು. ಅದು ಅಂಗಡಿಯಲ್ಲಿ ಸಿಗುವ ಅಳತೆಯಲ್ಲ. 3 ಕಿಲೋಓಮ್ ಜೊತೆ 68 ಓಮ್ ಸಾಲಾಗಿ ಜೋಡಿಸಿ, 5 ವೋಲ್ಟ್ ಬರುತ್ತದೆ.

ರೆಡಿ ಬೋರ್ಡ್‌ನಲ್ಲಿ ಕೆಳಗಿನ ರೆಸಿಸ್ಟರ್ ಆಗಲೇ ಇರುತ್ತದೆ. ಪ್ರೀಸೆಟ್ ಬಿಚ್ಚಿದ ಮೇಲೆ ಫೀಡ್‌ಬ್ಯಾಕ್ ಪಿನ್ ಮತ್ತು ಗ್ರೌಂಡ್ ನಡುವೆ ಮೀಟರ್ ಇಟ್ಟು ಅದನ್ನು ಅಳೆಯಿರಿ. 330 ಓಮ್ ಇದ್ದರೆ ಕೆಲಸ ಸುಲಭ. ಮೇಲಕ್ಕೆ 1 ಕಿಲೋಓಮ್ ಹಾಕಿದರೆ 4.96 ವೋಲ್ಟ್. ಮೊಬೈಲಿಗೆ ಧಾರಾಳ ಸಾಕು.

ಇಲ್ಲಿ ಚೌಕಾಸಿ ಬೇಡ. 1% (ಬರೆದ ಅಳತೆಗಿಂತ ಹೆಚ್ಚೆಂದರೆ 1% ಆಚೀಚೆ ಇರುವ) ಮೆಟಲ್ ಫಿಲ್ಮ್ ರೆಸಿಸ್ಟರನ್ನೇ ಕೇಳಿ ತನ್ನಿ. ಐದು ಪಟ್ಟಿ ಇರುತ್ತದೆ. 1 ಕಿಲೋಓಮ್‌ಗೆ ಕಂದು, ಕಪ್ಪು, ಕಪ್ಪು, ಕಂದು, ಕೊನೆಗೆ ಇನ್ನೊಂದು ಕಂದು. ಎರಡೂ 5%ನವು ಆಗಿ, ಒಂದು ಜಾಸ್ತಿ ಒಂದು ಕಡಿಮೆ ಇದ್ದರೆ 5 ವೋಲ್ಟ್ ಬದಲು 5.4 ಬರಬಹುದು. 1%ನಲ್ಲಿ ಆ ವ್ಯತ್ಯಾಸ 0.08 ವೋಲ್ಟ್ ಸುತ್ತಮುತ್ತ ನಿಲ್ಲುತ್ತದೆ. ರಾಯಚೂರಿನ ಬೇಸಿಗೆಯ ಕಾವಿಗೂ ಮೆಟಲ್ ಫಿಲ್ಮ್ ಅಷ್ಟಾಗಿ ಬದಲಾಗುವುದಿಲ್ಲ. ಕಾಲು ವ್ಯಾಟ್ ಸಾಕು. ರೆಸಿಸ್ಟರಿನ ತಂತಿ ಕಾಲುಗಳನ್ನು ಗಿಡ್ಡಕ್ಕೆ ಕತ್ತರಿಸಿ, ಬೋರ್ಡಿಗೆ ಅಂಟಿದಂತೆ ಸಾಲ್ಡರ್ ಮಾಡಿ. ಉದ್ದ ಬಿಟ್ಟರೆ ಅದುರಿ ಅದುರಿ ಅದೂ ಮುರಿಯುತ್ತದೆ, ಪ್ರೀಸೆಟ್ ತೆಗೆದೂ ಉಪಯೋಗವಿಲ್ಲ.

ಬ್ಯಾಟರಿ ಪಕ್ಕದಲ್ಲೇ 2 ಆಂಪ್ ಫ್ಯೂಸ್ ಹಾಕಿ. ಮೊದಲ ಸಲ ಮೊಬೈಲ್ ಸಿಗಿಸಬೇಡಿ. ಔಟ್‌ಪುಟ್ಟಿಗೆ 5 ಓಮ್, 10 ವ್ಯಾಟ್ ರೆಸಿಸ್ಟರ್ ಕೊಟ್ಟು ನೋಡಿ. 1 ಆಂಪ್ ಎಳೆಯುತ್ತದೆ, ಮುಟ್ಟಬೇಡಿ, ಸುಡುತ್ತದೆ. ಎಂಜಿನ್ ಓಡುತ್ತಿರುವಾಗ ಬ್ಯಾಟರಿ 14 ವೋಲ್ಟ್ ದಾಟುತ್ತದೆ, ಆಗಲೂ ಔಟ್‌ಪುಟ್ಟನ್ನು ಒಮ್ಮೆ ಅಳೆಯಿರಿ. ಚಿಪ್‌ನ 1.23ರಲ್ಲೂ ಚೂರು ಆಚೀಚೆ ಇರುವುದರಿಂದ 4.8ರಿಂದ 5.2ರ ನಡುವೆ ನಿಂತರೆ ಸರಿ. ಆಮೇಲೆ ಮೊಬೈಲ್ ಸಿಗಿಸಿ.