ನೈಸರ್ಗಿಕ ಸಾಣೆಕಲ್ಲಿನಲ್ಲಿ ಚಾಕು, ಉಳಿ ಮಸೆಯುವ ಕ್ರಮ

ಕಾರ್ಖಾನೆಯಲ್ಲಿ ತಯಾರಾಗುವ ಕಾರ್ಬೊರಂಡಮ್ ಕಲ್ಲಿಗೆ ಗ್ರಿಟ್ ಸಂಖ್ಯೆ, ಅಂದರೆ ಕಣಗಳು ಎಷ್ಟು ಒರಟು ಅಥವಾ ನಯ ಎಂಬುದರ ಅಳತೆ, ಇರುತ್ತದೆ. ಗಣಿಯಿಂದ ಕಡಿದು ತೆಗೆದ ಕಲ್ಲಿಗೆ ಅಂತಹ ಖಚಿತ ಅಳತೆಯಿಲ್ಲ. ಅಮೆರಿಕದ ಅರ್ಕಾನ್ಸಾಸ್ ರಾಜ್ಯದ ನೊವಾಕ್ಯುಲೈಟ್ ಅತಿಸೂಕ್ಷ್ಮ ಕ್ವಾರ್ಟ್ಜ್ ಹರಳುಗಳು ಒತ್ತಾಗಿ ಬೆಸೆದ ಶಿಲೆಯಾಗಿದ್ದು, ಸಾಂದ್ರತೆ ಹೆಚ್ಚಿದಂತೆ ಅದರ ಮಸೆತ ನಯವಾಗುತ್ತದೆ. ಆದ್ದರಿಂದಲೇ ಅದನ್ನು ಸಾಫ್ಟ್, ಹಾರ್ಡ್, ಟ್ರಾನ್ಸ್‌ಲೂಸೆಂಟ್ ಎಂಬ ದರ್ಜೆಗಳಲ್ಲಿ ಮಾರುತ್ತಾರೆ. ಬೆಲ್ಜಿಯಂನ ಆರ್ಡೆನ್ ಪ್ರದೇಶದ ಹಳದಿ ಕೊಟಿಕ್ಯುಲ್ ಕಲ್ಲಿನಲ್ಲಿ ಉಕ್ಕನ್ನು ಸವೆಸುವುದು ಗಾರ್ನೆಟ್ ಎಂಬ ಗಟ್ಟಿ ಖನಿಜದ ಹರಳು. ಮನೆಗೆ ಒಂದೇ ಕಲ್ಲು ಕೊಳ್ಳುವುದಾದರೆ ಸಾಫ್ಟ್ ಅರ್ಕಾನ್ಸಾಸ್ ಸಾಕೆಂಬುದು ನನ್ನ ಅಭಿಪ್ರಾಯ.

ಅಲಗಿನ ಬಾಯಿ ಮುಕ್ಕಾಗಿದ್ದರೆ ಮೊದಲು ಒರಟು ಕಾರ್ಬೊರಂಡಮ್ ಕಲ್ಲಿನಲ್ಲಿ ಸರಿಪಡಿಸಿಕೊಳ್ಳಬೇಕು, ಏಕೆಂದರೆ ನೈಸರ್ಗಿಕ ಕಲ್ಲು ಆ ಕೆಲಸಕ್ಕೆ ಬಹಳ ನಿಧಾನ. ಅರ್ಕಾನ್ಸಾಸ್ ಕಲ್ಲಿಗೆ ಹೊಲಿಗೆ ಯಂತ್ರದ ಎಣ್ಣೆಯಂತಹ ತೆಳುವಾದ ಖನಿಜ ತೈಲ ಹೊಂದುತ್ತದೆ. ಅಡುಗೆ ಎಣ್ಣೆ ಕಾಲಕ್ರಮೇಣ ಜಿಗುಟಾಗಿ ಕಲ್ಲಿನ ಮೈಯನ್ನು ಮುಚ್ಚಿಬಿಡುತ್ತದೆ. ಕೊಟಿಕ್ಯುಲ್‌ಗೆ ನಾಲ್ಕಾರು ಹನಿ ನೀರು ಸಾಕು. ಅದೇ ಜಾತಿಯ ಸಣ್ಣ ಕಲ್ಲಿನ ತುಂಡಿನಿಂದ ಉಜ್ಜಿ ಹಾಲಿನಂತಹ ರಾಡಿ ಎಬ್ಬಿಸಿದರೆ ಅದು ಬೇಗ ಸವೆಸುತ್ತದೆ, ಬರಿಯ ನೀರಿನಲ್ಲಿ ನಯಗೊಳಿಸುತ್ತದೆ.

ಮಸೆತದಲ್ಲಿ ಕೋನವೇ ಮುಖ್ಯ. ಅಡುಗೆ ಚಾಕುವಿಗೆ ಒಂದೊಂದು ಬದಿಗೂ 15ರಿಂದ 20 ಡಿಗ್ರಿ ಇರಲಿ. ಅಲಗು 4 ಸೆಂ.ಮೀ. ಅಗಲವಿದ್ದರೆ ಅದರ ಬೆನ್ನನ್ನು ಕಲ್ಲಿನಿಂದ ಸುಮಾರು 1 ಸೆಂ.ಮೀ. ಎತ್ತಿದಾಗ 15 ಡಿಗ್ರಿ ಸಿಗುತ್ತದೆ. ಅಲಗಿನ ಬಾಯಿಗೆ ಮಾರ್ಕರ್ ಪೆನ್ನಿನಿಂದ ಬಣ್ಣ ಹಚ್ಚಿ ಎರಡು ಸಲ ಎಳೆದು ನೋಡಿ: ಬಣ್ಣ ತುದಿಯವರೆಗೂ ಹೋಗಿದ್ದರೆ ಕೋನ ಸರಿ, ಮೇಲ್ಭಾಗದಲ್ಲಷ್ಟೇ ಹೋಗಿದ್ದರೆ ಬೆನ್ನನ್ನು ಇನ್ನಷ್ಟು ಎತ್ತಬೇಕು. ಒಂದು ಬದಿಯನ್ನೇ ಮಸೆಯುತ್ತಾ ಹೋದಾಗ ಎದುರು ಬದಿಯ ಅಂಚಿನಲ್ಲಿ ಉಕ್ಕಿನ ಸಣ್ಣ ಮಡಿಕೆ, ಅಂದರೆ ವರ್ಕ್‌ಶಾಪಿನವರು ಹೇಳುವ ‘ಬರ್’, ಬೆರಳನ್ನು ಬೆನ್ನಿನಿಂದ ಬಾಯಿಯ ಕಡೆಗೆ ಹಗುರವಾಗಿ ಜಾರಿಸಿದರೆ ತೊಡರಿದಂತೆ ತಿಳಿಯುತ್ತದೆ. ಅದು ಹಿಡಿಯಿಂದ ಮೊನೆಯವರೆಗೂ ಬಂದ ಬಳಿಕವೇ ಬದಿ ಬದಲಿಸಬೇಕು. ಕೊನೆಯ ಎಳೆತಗಳು ಚಾಕುವಿನ ಭಾರವಷ್ಟೇ ಕಲ್ಲಿನ ಮೇಲೆ ಬೀಳುವಷ್ಟು ಹಗುರವಾಗಿರಲಿ.

ಬಡಗಿಯ ಉಳಿಗೆ ಇಳಿಜಾರು ಬದಿ 25ರಿಂದ 30 ಡಿಗ್ರಿ. ಅದರ ಚಪ್ಪಟೆ ಬೆನ್ನನ್ನು ಮಾತ್ರ ಎಂದೂ ಎತ್ತದೆ ಕಲ್ಲಿಗೆ ಪೂರ್ತಿ ಒತ್ತಿಯೇ ಉಜ್ಜಬೇಕು. ವನೇಡಿಯಂ ಎಂಬ ಲೋಹ ಹೆಚ್ಚಿರುವ ಇಂದಿನ ದುಬಾರಿ ಉಕ್ಕಿಗೆ ಈ ಕಲ್ಲುಗಳು ಹೊಂದುವುದಿಲ್ಲ, ಅದರಲ್ಲಿನ ಕಾರ್ಬೈಡ್ (ಲೋಹ ಮತ್ತು ಇಂಗಾಲದ ಸಂಯುಕ್ತ) ಕಣಗಳು ಕ್ವಾರ್ಟ್ಜ್‌ಗಿಂತ ಗಟ್ಟಿ.

ಕಲ್ಲಿನ ನಡುಭಾಗ ತಗ್ಗಾದರೆ ದಪ್ಪ ಗಾಜಿನ ಮೇಲೆ ವಾಟರ್ ಪೇಪರ್ ಹಾಸಿ ಉಜ್ಜಿ ಸಮತಟ್ಟು ಮಾಡಬಹುದು. ಕ್ವಾರ್ಟ್ಜ್ ಉಜ್ಜಿದಾಗ ಏಳುವ ಸಿಲಿಕಾ ಧೂಳು ಶ್ವಾಸಕೋಶಕ್ಕೆ ಹಾನಿಕರವಾದ್ದರಿಂದ ಈ ಕೆಲಸವನ್ನು ನೀರು ಹಾಕಿಯೇ ಮಾಡಬೇಕು, ಒಣಗಿದ ರಾಡಿಯನ್ನು ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು.