801 ಬೇಕೇ, 804 ಸಾಕೇ? ಒಂದೇ ಸರಣಿಯ ಸ್ಪೀಕರ್‌ಗಳನ್ನು ಹೋಲಿಸುವ ಕ್ರಮ

ಇಂಗ್ಲೆಂಡಿನ ಬೋವರ್ಸ್ ಅಂಡ್ ವಿಲ್ಕಿನ್ಸ್ ಕಂಪನಿಯು 2021ರಲ್ಲಿ ಬಿಡುಗಡೆ ಮಾಡಿದ 800 ಸರಣಿಯ ಸ್ಪೀಕರ್‌ಗಳ ಡಿ4 ಪೀಳಿಗೆಯಲ್ಲಿ, ಸ್ಟೀರಿಯೊ ಜೋಡಿಯಾಗಿ ದೊರೆಯುವ ಮುಖ್ಯ ಮಾದರಿಗಳು, ಚಿಕ್ಕದರಿಂದ ದೊಡ್ಡದಕ್ಕೆ, ಐದು: 805, 804, 803, 802 ಮತ್ತು 801. ಐದರಲ್ಲಿಯೂ ಒಂದು ಇಂಚಿನ ವಜ್ರದ ಟ್ವೀಟರ್ (ತಾರ ಧ್ವನಿಯನ್ನು ನುಡಿಸುವ ಭಾಗ) ಇರುವುದರಿಂದ, ಟ್ರೆಬಲ್‌ನ, ಅಂದರೆ ತಾರ ಧ್ವನಿಯ, ಹೊಳಪನ್ನಷ್ಟೇ ಕೇಳಿ ಆಯ್ಕೆ ಮಾಡಹೊರಟವರಿಗೆ ಹೆಚ್ಚಿನ ವ್ಯತ್ಯಾಸ ಸಿಗಲಾರದು. ಕಿವಿಗೊಡಬೇಕಾದದ್ದು ಮಿಡ್‌ರೇಂಜ್ (ಮಧ್ಯಮ ಧ್ವನಿ) ಮತ್ತು ಬೇಸ್‌ಗೆ (ಮಂದ್ರ ಧ್ವನಿ).

ಹೋಲಿಕೆಯನ್ನು ಅಕ್ಕಪಕ್ಕದ ಮಾದರಿಗಳ ನಡುವೆಯೇ ಮಾಡುವುದು ಒಳ್ಳೆಯದು. ಸ್ಟ್ಯಾಂಡಿನ ಮೇಲಿಡುವ 805ರಲ್ಲಿ ಒಂದೇ 6.5 ಇಂಚಿನ ಡ್ರೈವರ್ (ಕಂಪಿಸಿ ಧ್ವನಿ ಹೊರಡಿಸುವ ಘಟಕ) ಮಿಡ್‌ರೇಂಜ್ ಮತ್ತು ಬೇಸ್ ಎರಡನ್ನೂ ಹೊರುತ್ತದೆ. 804ರಲ್ಲಿ ಮಿಡ್‌ರೇಂಜ್‌ಗೆಂದೇ 5 ಇಂಚಿನ ಪ್ರತ್ಯೇಕ ಡ್ರೈವರ್ ಇದೆ. ಹಾಡುಗಾರಿಕೆ ಕೇಳುವವರಿಗೆ ಇಡೀ ಸರಣಿಯಲ್ಲಿ ಇದೇ ದೊಡ್ಡ ಮೆಟ್ಟಿಲು ಎಂಬುದು ನನ್ನ ಅಭಿಪ್ರಾಯ. 803ರಿಂದ ಮೇಲಿನ ಮಾದರಿಗಳಲ್ಲಿ ಮಿಡ್‌ರೇಂಜ್ ಡ್ರೈವರ್ ಪೆಟ್ಟಿಗೆಯ ಹೊರಗೆ, ಟರ್ಬೈನ್ ಹೆಡ್ ಎಂಬ ಬೇರೆಯದೇ ಕವಚದಲ್ಲಿ ಕೂರುತ್ತದೆ. 802 ಮತ್ತು 801ರ ನಡುವಿನ ಮುಖ್ಯ ಭೇದವೋ ಬೇಸ್ ಡ್ರೈವರ್‌ಗಳ ಗಾತ್ರ: 802ರಲ್ಲಿ 8 ಇಂಚಿನವು ಎರಡು, 801ರಲ್ಲಿ 10 ಇಂಚಿನವು ಎರಡು.

ಬೇಸ್ ಎಷ್ಟು ಆಳಕ್ಕೆ ಇಳಿಯಬೇಕೆಂಬುದನ್ನು ನೀವು ಕೇಳುವ ಸಂಗೀತವೂ ನಿಮ್ಮ ಕೋಣೆಯೂ ನಿರ್ಧರಿಸುತ್ತವೆ. ಪುರುಷ ಗಾಯಕರ ತಂಬೂರಿಯ ಮಂದ್ರ ಷಡ್ಜ ಸುಮಾರು 65–70 ಹರ್ಟ್ಸ್‌ನಲ್ಲಿರುವುದರಿಂದ (ಹರ್ಟ್ಸ್ ಎಂದರೆ ಸೆಕೆಂಡಿಗೆ ಎಷ್ಟು ಕಂಪನ ಎಂಬ ಲೆಕ್ಕ; ಅದು ಕಡಿಮೆಯಾದಷ್ಟೂ ಧ್ವನಿ ಆಳ), ಕಚೇರಿ ಸಂಗೀತವನ್ನೇ ಕೇಳುವವರಿಗೆ ಅದಕ್ಕಿಂತ ಕೆಳಗಿಳಿಯುವ 801ರ ಆಳ ಹೆಚ್ಚಾಗಿ ನಿರುಪಯೋಗಿ. ಚರ್ಚ್ ಆರ್ಗನ್ ಅಥವಾ ಎಲೆಕ್ಟ್ರಾನಿಕ್ ಸಂಗೀತದ ಮಾತು ಬೇರೆ. ಇನ್ನು ಕೋಣೆಯ ಉದ್ದ 4 ಮೀಟರ್ ಇದ್ದರೆ ಗೋಡೆಗಳ ನಡುವೆ ಧ್ವನಿಯನ್ನು ಉಬ್ಬಿಸುವ ಮೊದಲ ಅನುರಣನ ಸುಮಾರು 43 ಹರ್ಟ್ಸ್‌ನಲ್ಲಿ ಬರುತ್ತದೆ; ಕಾಂಕ್ರೀಟ್ ಗೋಡೆಗಳ ನಡುವೆ ದೊಡ್ಡ ಸ್ಪೀಕರ್ ಅದನ್ನು ಮತ್ತಷ್ಟು ಕೆರಳಿಸಿ, ಅಧಿಕ ಬೆಲೆಗೆ ಗುಡುಗುಟ್ಟುವ ಬೇಸನ್ನು ಕೊಡಬಹುದು.

ಕೇಳುವಾಗ ವಾಲ್ಯೂಮ್ ಸಮನಾಗಿರಲೇಬೇಕು. ಕಂಪನಿಯ ಪ್ರಕಾರ 805ರ ಸೆನ್ಸಿಟಿವಿಟಿ (ಅಷ್ಟೇ ವಿದ್ಯುತ್ತಿಗೆ ಎಷ್ಟು ಜೋರಾಗಿ ನುಡಿಯುತ್ತದೆ ಎಂಬುದು) 88 ಡೆಸಿಬೆಲ್, 801ರದ್ದು 90. ನಾಬ್ ಒಂದೇ ಸ್ಥಾನದಲ್ಲಿದ್ದರೆ ದೊಡ್ಡದು ಜೋರಾಗಿ ನುಡಿಯುತ್ತದೆ, ಕಿವಿ ಜೋರಾದದ್ದನ್ನೇ ಉತ್ತಮವೆಂದು ಒಪ್ಪಿಕೊಳ್ಳುತ್ತದೆ. ಆದ್ದರಿಂದ ಪಿಂಕ್ ನಾಯ್ಸ್ (ಪರೀಕ್ಷೆಗೆ ಬಳಸುವ, ಜಲಪಾತದಂಥ ಭೋರ್ಗರೆತದ ಸದ್ದು) ಹಾಕಿ, ಕೂರುವ ಜಾಗದಲ್ಲಿಯೇ ಧ್ವನಿ ಅಳೆಯುವ ಮೀಟರಿನಿಂದ ಅಳೆದು ಸರಿಹೊಂದಿಸಿ. ಎರಡೂ ಜೋಡಿಗಳನ್ನು ನೆಲದ ಮೇಲೆ ಟೇಪಿನಿಂದ ಗುರುತಿಸಿದ ಅದೇ ಸ್ಥಳದಲ್ಲಿ ಒಂದಾದ ಮೇಲೊಂದರಂತೆ ಇರಿಸಿ ಕೇಳಬೇಕು. ಸುಮಾರು 100 ಕಿಲೊ ತೂಗುವ 801ರ ವಿಷಯದಲ್ಲಿ ಇದಕ್ಕೆ ಅಂಗಡಿಯವರು ಮುಖ ಸಿಂಡರಿಸಿದರೂ ಪಟ್ಟು ಬಿಡಬೇಡಿ.

ಕೊನೆಯದಾಗಿ ಆಂಪ್ಲಿಫೈಯರ್. ಕಂಪನಿಯ ವಿವರಪಟ್ಟಿಯಲ್ಲಿ ಇಂಪೀಡೆನ್ಸ್ (ವಿದ್ಯುತ್ ಪ್ರವಾಹಕ್ಕೆ ಸ್ಪೀಕರ್ ಒಡ್ಡುವ ತಡೆ) 8 ಓಮ್ ಎಂದಿದ್ದರೂ ದೊಡ್ಡ ಮಾದರಿಗಳಲ್ಲಿ ಅದು 3 ಓಮ್‌ವರೆಗೆ ಇಳಿದು ಆಂಪ್ಲಿಫೈಯರಿನಿಂದ ಹೆಚ್ಚು ಪ್ರವಾಹ ಬೇಡುವುದರಿಂದ, ನಿಮ್ಮದೇ ಆಂಪ್ಲಿಫೈಯರನ್ನು ಅಂಗಡಿಗೆ ಒಯ್ದು ಕೇಳಿನೋಡಿ. ಅದು ಸಾಲದಿದ್ದರೆ ಹೊಸದರ ಬೆಲೆಯನ್ನೂ ಸ್ಪೀಕರಿನ ಲೆಕ್ಕಕ್ಕೇ ಸೇರಿಸಿಕೊಳ್ಳಿ.