ಮನಸಿನ ಕಾಲಂ, ಲೆಕ್ಕದ ಕಾಲಂ: ಕಲಬುರಗಿಯಲ್ಲಿ ಕೂತು ವಿಂಬಲ್ಡನ್ ಫಲ ಬರೆದದ್ದು

2019ರ ಜುಲೈ 14. ಮನೆಯ ಟಿ.ವಿ.ಯಲ್ಲಿ ಲಾರ್ಡ್ಸ್‌ನ ಕ್ರಿಕೆಟ್ ವಿಶ್ವಕಪ್ ಫೈನಲ್, ನನ್ನ ಅಂಗೈಯೊಳಗಿನ ಫೋನಿನಲ್ಲಿ ವಿಂಬಲ್ಡನ್ ಟೆನಿಸ್ ಫೈನಲ್. ಐದನೇ ಸೆಟ್, 8-7, 40-15, ಸರ್ವ್ ಫೆಡರರ್ ಕೈಯಲ್ಲಿ. ಎರಡರಲ್ಲಿ ಒಂದು ಪಾಯಿಂಟ್ ಬಂದರೆ ಕಪ್ ಅವನದು. ಎರಡೂ ಬರಲಿಲ್ಲ. ಕೊನೆಗೆ ಜೊಕೊವಿಚ್ 13-12ರಲ್ಲಿ ಗೆದ್ದ. ಒಟ್ಟು ಪಾಯಿಂಟ್ ಎಣಿಸಿದರೆ ಫೆಡರರ್ 218, ಜೊಕೊವಿಚ್ 204. ಹದಿನಾಲ್ಕು ಪಾಯಿಂಟ್ ಹೆಚ್ಚು ಗೆದ್ದವನು ಸೋತಿದ್ದ.

ಯಾರು ಗೆಲ್ಲುತ್ತಾರೆ ಅಂತ ಮೊದಲೇ ಹಾಳೆಯಲ್ಲಿ ಬರೆದಿಡುವುದು ನಮ್ಮ ಆಟ. ನಾನು ಬರೆದಿಟ್ಟಿದ್ದ ಹೆಸರು ಫೆಡರರ್. ಕಾರಣ ಕೇಳಿದ್ದರೆ ನನ್ನ ಬಳಿ ಉತ್ತರ ಇರಲಿಲ್ಲ. ಅವನ ಆಟ ಕಂಡರೆ ನನಗೆ ಜೀವ, ಅಷ್ಟೇ. ಮರುದಿನ ನನ್ನ ಮೋರೆ ನೋಡಿ ಅಣ್ಣನ ಮಗಳು ಹೇಳಿದ ಮಾತು ಇವತ್ತಿಗೂ ನಮ್ಮ ಆಟದ ನಿಯಮ: "ಕಾಕಾ, ಗೆಲ್ಲಬೇಕು ಅನ್ನೋದು ಬ್ಯಾರೆ, ಗೆಲ್ತಾನ ಅನ್ನೋದು ಬ್ಯಾರೆ. ಎರಡೂ ಒಂದೇ ಮನ್ಯಾಗ ಯಾಕ್ ಬರೀತಿ?"

ತೊಗರಿ ಬೇಳೆ ಮಿಲ್ಲಿನಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ಜಮಾ ಒಂದು ಕಡೆ, ಖರ್ಚು ಒಂದು ಕಡೆ ಬರೆದೇ ಕೈ ಪಳಗಿದೆ. ಆದರೂ ಟೆನಿಸ್ ವಿಷಯಕ್ಕೆ ಬಂದಾಗ ಅದು ಹೊಳೆದಿರಲಿಲ್ಲ. ಆಮೇಲಿಂದ ಹಾಳೆಗೆ ಎರಡು ಕಾಲಂ ಗೆರೆ ಎಳೆದೆ. ಎಡಕ್ಕೆ ಮನಸಿನ ಕಾಲಂ, ಬಲಕ್ಕೆ ಲೆಕ್ಕದ ಕಾಲಂ. ಎಡಗಡೆಯ ಹೆಸರಿಗೆ ಅಂಕ ಇಲ್ಲ, ಆದರೆ ಬರೆಯಲೇಬೇಕು. ಬರೆದರೇನೇ ಆ ಆಸೆ ಬಲಗಡೆಗೆ ನುಸುಳುವುದು ನಿಲ್ಲುತ್ತದೆ. ನನ್ನ ಅನುಭವದಲ್ಲಿ ಇಡೀ ಕಸರತ್ತಿನ ಜೀವಾಳ ಇದೇ.

ನಾವು ಆರು ಮಂದಿ. ಒಬ್ಬರು ನಿವೃತ್ತ ಪಿ.ಟಿ. ಮಾಸ್ತರು, ಒಬ್ಬರು ವಕೀಲರು, ಮೆಡಿಕಲ್ ಅಂಗಡಿಯ ಅಣ್ಣ-ತಮ್ಮ, ನನ್ನ ಅಣ್ಣನ ಮಗಳು, ನಾನು. ದುಡ್ಡು ಕಟ್ಟುವುದಿಲ್ಲ. ಆ ಮಾತು ಮೊದಲ ದಿನವೇ ಆಗಿದೆ, ಅದರಲ್ಲಿ ರಾಜಿ ಇಲ್ಲ. ಅಂಕದಲ್ಲಿ ಎಲ್ಲರಿಗಿಂತ ಹಿಂದೆ ಉಳಿದವರು ಎಲ್ಲರಿಗೂ ಸುಸಲಾ-ಮಿರ್ಚಿ ತಿನ್ನಿಸಬೇಕು, ಅಷ್ಟೇ.

ಸೋಮವಾರ ಪಂದ್ಯ ಶುರುವಾಗುವ ಮುಂಚಿನ ಶುಕ್ರವಾರ ಡ್ರಾ, ಅಂದರೆ ಯಾರಿಗೆ ಯಾರು ಎದುರು ಅನ್ನುವ ಪಟ್ಟಿ, ಬರುತ್ತದೆ. ಹೊಸಬರು ನೇರವಾಗಿ ಚಾಂಪಿಯನ್ ಹೆಸರು ಬರೆದು ಕೆಳಗೆ ಇಳಿಯುತ್ತಾರೆ. ನಾನು ಕೆಳಗಿನಿಂದ ಹತ್ತುತ್ತೇನೆ. ಒಟ್ಟು 128 ಮಂದಿ, ಅದರಲ್ಲಿ 32 ಮಂದಿಗೆ ಶ್ರೇಯಾಂಕ, ಕಪ್ ಎತ್ತಲು ಏಳು ಪಂದ್ಯ ಗೆಲ್ಲಬೇಕು. ಮೊದಲ ಎರಡು ಶ್ರೇಯಾಂಕದವರು ಬೇರೆ ಬೇರೆ ಅರ್ಧದಲ್ಲಿ ಇರುತ್ತಾರೆ. ಮೂರನೆಯವರು ಯಾವ ಅರ್ಧಕ್ಕೆ ಬಿದ್ದರು ಅನ್ನುವುದು ಚೀಟಿ ಎತ್ತಿದಂತೆ. ಶ್ರೇಯಾಂಕದವರು ಒಬ್ಬರಿಗೊಬ್ಬರು ಮೂರನೇ ಸುತ್ತಿಗಿಂತ ಮೊದಲು ಎದುರಾಗುವುದಿಲ್ಲ. ಹಾಗಾಗಿ ನಾನು ಮೊದಲು ಹುಡುಕುವುದು ಶ್ರೇಯಾಂಕ ಇಲ್ಲದ ಗಟ್ಟಿ ಆಟಗಾರ ಎಲ್ಲಿ ಕೂತಿದ್ದಾನೆ ಅಂತ. ಗಾಯದಿಂದ ಎದ್ದು ಬಂದವನು, ಹುಲ್ಲಿನ ಮೇಲೆ ಸರ್ವ್ ಚೆನ್ನಾಗಿ ಬೀಳುವವನು. ಅವನ ಪಕ್ಕದ ದೊಡ್ಡ ಹೆಸರಿನ ಮೇಲೆ ಪೆನ್ಸಿಲಿನಿಂದ ಒಂದು ಚುಕ್ಕೆ. 2023ರಲ್ಲಿ ಮಹಿಳೆಯರ ಕಪ್ ಎತ್ತಿದ ವೊಂಡ್ರೊಸೊವಾಗೆ ಶ್ರೇಯಾಂಕವೇ ಇರಲಿಲ್ಲ. ಮರುವರ್ಷ ಗೆದ್ದ ಕ್ರೆಜ್ಜಿಕೋವಾ 31ನೇ ಶ್ರೇಯಾಂಕದವಳು.

ಅಂಕ ಕೊಡುವುದರಲ್ಲಿ ಎರಡು ವರ್ಷ ಎಡವಿದೆವು. ಮೊದಲು ಸುತ್ತು ಸುತ್ತಿಗೆ ದುಪ್ಪಟ್ಟು ಇಟ್ಟೆವು: 1, 2, 4, ಹೀಗೆ ಫೈನಲ್‌ಗೆ 64. ಅಂದರೆ ಮೊದಲ ಸುತ್ತಿನ 64 ಪಂದ್ಯ ಸರಿ ಹೇಳಿದವರೂ ಒಂದೇ, ಚಾಂಪಿಯನ್ ಒಬ್ಬನನ್ನು ಹೇಳಿದವರೂ ಒಂದೇ. ಡ್ರಾ ಓದುವ ಕಷ್ಟಕ್ಕೆ ಬೆಲೆಯೇ ಇಲ್ಲದಂತಾಯಿತು. ಈಗ ಮೊದಲ ಸುತ್ತಿಗೆ 1, ಎರಡನೆಯದಕ್ಕೆ 2, ಹೀಗೆ ಫೈನಲ್‌ಗೆ 7. ಎಲ್ಲ 127 ಪಂದ್ಯ ಸರಿ ಹೇಳಿದರೆ 247 ಅಂಕ. ಅದರ ಹತ್ತಿರಕ್ಕೂ ಯಾರೂ ಹೋಗಿಲ್ಲ.

ಪಿ.ಟಿ. ಮಾಸ್ತರು ಇನ್ನೊಂದು ನಿಯಮ ತಂದರು. ನಾಲ್ಕನೇ ಸುತ್ತಿನಿಂದ ಪ್ರತಿ ಪಂದ್ಯದ ಮುನ್ನಾದಿನ ಹೆಸರಿನ ಮುಂದೆ ಒಂದು ಸಾಲಿನಲ್ಲಿ ಕಾರಣ ಬರೆಯಬೇಕು. ಫಲ ಸರಿಯಾಗಿ ಕಾರಣ ತಪ್ಪಾದರೆ ಅರ್ಧ ಅಂಕ. ಇದು ನಮ್ಮನ್ನು ನಿಜವಾಗಿ ಆಟ ನೋಡುವವರನ್ನಾಗಿ ಮಾಡಿತು. "ಫಾರ್ಮ್ ಚಲೋ ಅದ" ಅಂತ ಬರೆದರೆ ಮಾಸ್ತರು ಕಾಟು ಹಾಕುತ್ತಾರೆ.

ಕಾರಣ ಹೇಗೆ ಬರೆಯಬೇಕು ಅಂತ ನಾನು ಕಲಿತದ್ದು ನಮ್ಮ ಊರಿನಲ್ಲೇ. 2023ರ ಕೊನೆಯಲ್ಲಿ ಇಲ್ಲಿನ ಚಂದ್ರಶೇಖರ ಪಾಟೀಲ ಕ್ರೀಡಾಂಗಣದಲ್ಲಿ ಅಂತರರಾಷ್ಟ್ರೀಯ ಟೆನಿಸ್ ಒಕ್ಕೂಟದ (ಐಟಿಎಫ್) ಪುರುಷರ ಟೂರ್ನಿ ನಡೆಯಿತು, ರಾಮ್‌ಕುಮಾರ್ ರಾಮನಾಥನ್ ಗೆದ್ದರು. ಮಿಲ್ಲಿನಿಂದ ರಜೆ ಹಾಕಿ ಬೇಲಿಯ ಪಕ್ಕ ಕೂತೆ. ಟಿ.ವಿ.ಯಲ್ಲಿ ಚೆಂಡು ಮೇಲಿನಿಂದ ಕಾಣುತ್ತದೆ, ಅದರ ತೂಕ ತಿಳಿಯುವುದಿಲ್ಲ. ಹತ್ತಿರದಿಂದ ನೋಡಿದಾಗ ಕಂಡದ್ದು ಎರಡನೇ ಸರ್ವ್. ಮೊದಲನೆಯದು ನೆಟ್ಟಿಗೆ ಬಿದ್ದ ಕೂಡಲೇ ಎದುರಿನವನು ಎರಡು ಹೆಜ್ಜೆ ಮುಂದೆ ಬರುತ್ತಾನೆ. ಸರ್ವ್ ಮಾಡುವವನು ಚೆಂಡನ್ನು ಇನ್ನೊಂದೆರಡು ಸಲ ನೆಲಕ್ಕೆ ಕುಟ್ಟುತ್ತಾನೆ, ಭುಜ ಸ್ವಲ್ಪ ಬಿಗಿಯುತ್ತದೆ. ಆ ಎರಡು ಹೆಜ್ಜೆಯಲ್ಲೇ ಪಂದ್ಯದ ಅರ್ಧ ಕಥೆ ಇದೆ ಅನ್ನಿಸಿತು. ಅಲ್ಲಿಂದ ನನ್ನ ಕಾರಣದ ಸಾಲುಗಳೆಲ್ಲ ಎರಡನೇ ಸರ್ವ್ ಸುತ್ತಲೇ ತಿರುಗುತ್ತವೆ.

2025ರ ವಿಂಬಲ್ಡನ್ ಮೊದಲ ಸುತ್ತಿನಲ್ಲೇ ಎಲ್ಲರ ಹಾಳೆ ಹರಿಯಿತು. ಶ್ರೇಯಾಂಕದ ಜ್ವೆರೆವ್ ಸೋತು ಹೋದ, ಮೆಡ್ವೆಡೆವ್ ಹೋದ. ತಿಂಗಳ ಹಿಂದಷ್ಟೇ ಪ್ಯಾರಿಸ್ಸಿನ ಫ್ರೆಂಚ್ ಓಪನ್ ಗೆದ್ದಿದ್ದ ಕೊಕೊ ಗಾಫ್ ಕೂಡ ಹೋದಳು. ಪ್ಯಾರಿಸ್ಸಿನ ಮಣ್ಣಿನ ಅಂಕಣದಿಂದ ವಿಂಬಲ್ಡನ್ ಹುಲ್ಲಿಗೆ ಬರಲು ಸಿಗುವುದು ಮೂರೇ ವಾರ. ಹುಲ್ಲಿನ ಮೇಲೆ ಚೆಂಡು ಏಳುವುದಿಲ್ಲ, ಜಾರುತ್ತದೆ. ಪ್ಯಾರಿಸ್ಸಿನ ಫಲ ನೋಡಿ ವಿಂಬಲ್ಡನ್ ಬರೆಯುವವರು ಇಲ್ಲೇ ಕೆಡುತ್ತಾರೆ.

ಆದರೆ ನಾವು ಅತಿ ಹೆಚ್ಚು ವಾದ ಮಾಡಿದ್ದು ನಾಲ್ಕನೇ ಸುತ್ತಿನ ಸಿನ್ನರ್-ಡಿಮಿಟ್ರೋವ್ ಪಂದ್ಯಕ್ಕೆ. ಆರೂ ಮಂದಿ ಬರೆದದ್ದು ಸಿನ್ನರ್. ಮೊದಲ ಗೇಮಿನಲ್ಲೇ ಅವನು ಬಿದ್ದು ಮೊಣಕೈಗೆ ಪೆಟ್ಟು ಮಾಡಿಕೊಂಡ. ಡಿಮಿಟ್ರೋವ್ 6-3, 7-5 ಮುಂದಿದ್ದ. ಮೂರನೇ ಸೆಟ್ 2-2. ಒಂದು ಸರ್ವ್ ಹೊಡೆದವನೇ ಬಲ ಎದೆ ಹಿಡಿದುಕೊಂಡು ಹುಲ್ಲಿನ ಮೇಲೆ ಕುಸಿದ. ಸಿನ್ನರ್ ನೆಟ್ ದಾಟಿ ಅವನ ಬಳಿಗೆ ಹೋದ. ಡಿಮಿಟ್ರೋವ್ ಮುಂದೆ ಆಡಲಾಗದೆ ಪಂದ್ಯ ಬಿಟ್ಟುಕೊಟ್ಟ. ನಮ್ಮಲ್ಲಿ ಅರ್ಧ ರಾತ್ರಿ ದಾಟಿತ್ತು, ಫೋನು ಹಿಡಿದು ಒಬ್ಬನೇ ಕೂತಿದ್ದ ನನ್ನ ಕಣ್ಣು ತುಂಬಿ ಬಂತು.

ಮರುದಿನ ಸಂಜೆ ಮೆಡಿಕಲ್ ಅಂಗಡಿ ಮುಂದೆ ಪ್ರಶ್ನೆ ಎದ್ದಿತು. ವಕೀಲರು, "ಗೆದ್ದಾನಲ್ರಿ ಸಿನ್ನರ್, ಅಂಕ ಕೊಡ್ರಿ" ಅಂದರು. ಮಾಸ್ತರು ತಲೆ ಅಲ್ಲಾಡಿಸಿದರು. "ಗೆದ್ದಿದ್ದು ಖರೆ. ನೀವು ಬರೆದ ಕಾರಣ ಏನ್ರಿ? ಮೂರೇ ಸೆಟ್ಟಿನ್ಯಾಗ ಮುಗಸ್ತಾನ ಅಂತ. ಅದು ಆತೇನು?" ಎಲ್ಲರಿಗೂ ಅರ್ಧ ಅಂಕ ಬಿತ್ತು. ಸರಿಯಾದ ತೀರ್ಪು ಅದು. ಹಾಗೆ ಪೂರ್ತಿ ಅಂಕ ಕೊಟ್ಟಿದ್ದರೆ ನಮ್ಮ ಹಾಳೆ ಸುಳ್ಳು ಹೇಳುತ್ತಿತ್ತು, ಡಿಮಿಟ್ರೋವ್ ಆಡಿದ ಎರಡು ಸೆಟ್ ಆಟ ನಮ್ಮ ಲೆಕ್ಕದಲ್ಲಿ ಎಲ್ಲೂ ಉಳಿಯುತ್ತಿರಲಿಲ್ಲ.

ಫೈನಲ್‌ಗೆ ನನ್ನ ಎರಡೂ ಕಾಲಂ ಅಲ್ಕರಾಜ್. ಸತತ 24 ಪಂದ್ಯ ಗೆದ್ದು ಬಂದಿದ್ದ, ಪ್ಯಾರಿಸ್ ಫೈನಲ್‌ನಲ್ಲಿ ಇದೇ ಸಿನ್ನರ್ ವಿರುದ್ಧ ಮೂರು ಚಾಂಪಿಯನ್‌ಶಿಪ್ ಪಾಯಿಂಟ್ ಉಳಿಸಿಕೊಂಡು 5 ಗಂಟೆ 29 ನಿಮಿಷ ಆಡಿ ಕಪ್ ಎತ್ತಿದ್ದ. ಅಣ್ಣನ ಮಗಳ ಹಾಳೆಯಲ್ಲಿ ಎಡಕ್ಕೆ ಅಲ್ಕರಾಜ್, ಬಲಕ್ಕೆ ಸಿನ್ನರ್. ಕಾರಣ: "ಎರಡನೇ ಸರ್ವಿಗೆ ಸಿನ್ನರ್ ಮುಂದ ಬಂದು ಹೊಡೀತಾನ, ಅಲ್ಕರಾಜ್‌ಗ ಚೆಂಡು ಆಡಿಸಲಿಕ್ಕೆ ಟೈಮ್ ಸಿಗಂಗಿಲ್ಲ." ಕ್ರೀಡಾಂಗಣದ ಬೇಲಿಯ ಪಕ್ಕ ನಾನು ಅವಳಿಗೆ ತೋರಿಸಿದ್ದ ಅದೇ ಎರಡು ಹೆಜ್ಜೆ.

ಮೊದಲ ಸೆಟ್ ಅಲ್ಕರಾಜ್ 6-4. ಆಮೇಲೆ ಮೂರೂ ಸೆಟ್ 6-4, 6-4, 6-4 ಸಿನ್ನರ್. ಅವಳಿಗೆ ಏಳಕ್ಕೆ ಏಳು. ಅಂಕದಲ್ಲಿ ಹಿಂದೆ ಉಳಿದದ್ದು ವಕೀಲರು. ಸುಸಲಾ ತಿನ್ನುತ್ತಾ ಅವರು ಅವಳ ಹಾಳೆ ಇಸಿದುಕೊಂಡು, ಆ ಕಾರಣದ ಸಾಲನ್ನು ತಮ್ಮ ಡೈರಿಯಲ್ಲಿ ಬರೆದುಕೊಂಡರು.